ಬಿಎಸ್ಸಿ ಮೈಕ್ರೋಬಯಾಲಜಿ ಆದಮೇಲೆ ಕೆಲಸ ಹೇಗಿರುತ್ತೆ?

ತಂಗಿ ಬಿಎಸ್ಸಿ ಮೈಕ್ರೋಬಯಾಲಜಿ (ಸೂಕ್ಷ್ಮಜೀವಿಗಳ ಅಧ್ಯಯನ) ಮುಗಿಸಿದ್ದಾಳೆ, ದಿನವಿಡೀ ಮೈಕ್ರೋಸ್ಕೋಪ್ ನೋಡೋದೇನಾ ಅಂತ ಕೇಳಿದ್ದೀರಿ. ಅಲ್ಲರೀ. ನಾನು ಕಲಬುರಗಿಯಲ್ಲೇ ಆಸ್ಪತ್ರೆ ಲ್ಯಾಬಿನಲ್ಲಿದ್ದೇನೆ. ಮೂತ್ರದ ಸ್ಯಾಂಪಲ್ ಬಂದರೆ ಅಗರ್ ಪ್ಲೇಟಿನ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ತಟ್ಟೆ) ಮೇಲೆ ಲೂಪಿನಿಂದ (ತುದಿಯಲ್ಲಿ ಪುಟ್ಟ ಬಳೆಯಿರುವ ಕಡ್ಡಿ) ಗೆರೆ ಎಳೆದು 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತೇವೆ, ಬೆಳೆದ ಬ್ಯಾಕ್ಟೀರಿಯಾ ಯಾವುದು ಅಂತ ಗುರುತಿಸಿ, ಅದನ್ನೇ ಇನ್ನೊಂದು ಪ್ಲೇಟಿಗೆ ಹಚ್ಚಿ ಆಂಟಿಬಯೋಟಿಕ್ ಡಿಸ್ಕ್ (ಔಷಧಿ ಇರುವ ಪುಟ್ಟ ಕಾಗದದ ಬಿಲ್ಲೆ) ಇಟ್ಟು, ಮರುದಿನ ಡಿಸ್ಕಿನ ಸುತ್ತ ಏನೂ ಬೆಳೆಯದೆ ಉಳಿದ ಜಾಗವನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಯಾವ ಔಷಧಿ ಕೆಲಸ ಮಾಡುತ್ತೆ ಅಂತ ಅದರಿಂದಲೇ ಗೊತ್ತಾಗೋದು. ಆ ಅಳತೆ ತಪ್ಪಿದರೆ ರೋಗಿಗೆ ತಪ್ಪು ಔಷಧಿ ಹೋಗಬಹುದು, ಅವಸರ ನಡೆಯಲ್ಲ. ಟಿಬಿ ಕಲ್ಚರಿಗೆ, ಅಂದರೆ ಕ್ಷಯದ ಬ್ಯಾಕ್ಟೀರಿಯಾ ಬೆಳೆಸಿ ನೋಡೋದಕ್ಕೆ, ಕೆಲವೊಮ್ಮೆ 8 ವಾರ ಕಾಯಬೇಕು. ತಾಳ್ಮೆ ಇದೆಯಾ ಅಂತ ಮೊದಲು ಅವಳನ್ನೇ ಕೇಳಿ.

ಬರೀ ಬಿಎಸ್ಸಿಗೆ ಸಂಬಳ ಕಮ್ಮಿ. ಗುಲ್ಬರ್ಗ ವಿಶ್ವವಿದ್ಯಾಲಯದಲ್ಲೇ ಎಂಎಸ್ಸಿ ಇದೆ, ಓದಿಸಿ. ಆಮೇಲೆ ಬೀದರ್, ಹೈದರಾಬಾದ್ ಕಡೆಯ ಔಷಧಿ ಕಂಪನಿಗಳಲ್ಲೂ ಪ್ರಯತ್ನಿಸಬಹುದು.