ಮಗು ಒಂದೇ ಕಡೆ ನೋಡುತ್ತದೆ, ಕತ್ತು ಉಳುಕಿದೆಯಾ?

ಪ್ರಶ್ನೆ: ಮೇಡಂ, ಬಾಣಂತನಕ್ಕೆ ತೀರ್ಥಹಳ್ಳಿ ಹತ್ತಿರದ ತವರಿಗೆ ಬಂದಿದ್ದೇನೆ. ಮಗಳಿಗೆ ಎರಡು ತಿಂಗಳು. ತಲೆ ಸದಾ ಎಡಕ್ಕೆ ವಾಲಿರುತ್ತದೆ, ಮುಖ ಮಾತ್ರ ಬಲಕ್ಕೆ. ಎಡಗಡೆ ಕತ್ತಿನಲ್ಲಿ ಒಂದು ಗಟ್ಟಿ ಗಂಟು ಕೈಗೆ ಸಿಗುತ್ತದೆ. ತಲೆಯ ಹಿಂದೆ ಬಲಗಡೆ ಚಪ್ಪಟೆಯಾಗಿದೆ. ನೀರು ಹಾಕುವ ಅಜ್ಜಿ "ಉಳುಕಿದೆ, ಎಣ್ಣೆ ಹಚ್ಚಿ ಎಳೆದರೆ ಸರಿಹೋಗುತ್ತೆ" ಅನ್ನುತ್ತಾರೆ. ಅಮ್ಮ ಸಾಸಿವೆ ದಿಂಬು ಹೊಲಿದಿದ್ದಾರೆ. ಏನು ಮಾಡಲಿ? (ಹೆಸರು ಬೇಡ)

ಉತ್ತರ: ಮೊದಲು ಅಜ್ಜಿಗೆ ಎಳೆಯಬೇಡಿ ಅಂತ ಹೇಳಿ. ಮೈಗೆ ಎಣ್ಣೆ ಹಚ್ಚಲಿ, ನೀರು ಹಾಕಲಿ, ಅದಕ್ಕೆ ನನ್ನ ತಕರಾರಿಲ್ಲ. ಕತ್ತು ತಿರುಚುವುದು, ಗಂಟು ಒತ್ತಿ ಕರಗಿಸುವುದು ಮಾತ್ರ ಬೇಡ.

ನೀವು ಬರೆದದ್ದು ಓದಿದರೆ ಇದು ಉಳುಕು ಅನ್ನಿಸುವುದಿಲ್ಲ. ಕಿವಿಯ ಹಿಂದಿನಿಂದ ಎದೆಮೂಳೆಯ ತನಕ ಇಳಿಯುವ ಒಂದು ಸ್ನಾಯು ಇದೆ. ಹೊಟ್ಟೆಯೊಳಗೆ ಮಗು ಇಕ್ಕಟ್ಟಾಗಿ ಕೂತಿದ್ದರೋ, ಹೆರಿಗೆಯಲ್ಲಿ ಎಳೆತ ಬಿದ್ದರೋ ಅದು ಬಿಗಿಯಾಗಬಹುದು. ಎಡಗಡೆಯದು ಬಿಗಿಯಾದರೆ ತಲೆ ಎಡಕ್ಕೆ ವಾಲುತ್ತದೆ, ಗಲ್ಲ ಬಲಕ್ಕೆ ತಿರುಗುತ್ತದೆ. ಇದಕ್ಕೆ ಟಾರ್ಟಿಕಾಲಿಸ್ ಅನ್ನುತ್ತಾರೆ. ಗಂಟು ಆ ಸ್ನಾಯುವಿನದೇ ಆಗಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿ ಕರಗುತ್ತದೆ. ಯಾವಾಗಲೂ ಬಲಕ್ಕೇ ಒರಗಿ ಮಲಗುವುದರಿಂದ ಮೆತ್ತಗಿನ ತಲೆಬುರುಡೆ ಆ ಕಡೆ ಚಪ್ಪಟೆಯಾಗುತ್ತದೆ, ಅಷ್ಟೇ.

ಆದರೂ ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಮಳೆ ಸ್ವಲ್ಪ ಕಡಿಮೆಯಾಗಲಿ ಅಂತ ಕೂರಬೇಡಿ, ಆಗುಂಬೆ ಕಡೆಯ ಮಳೆ ಯಾರ ಮಾತು ಕೇಳುತ್ತೆ! ಮೂರು ತಿಂಗಳೊಳಗೆ ಫಿಸಿಯೋಥೆರಪಿ ಶುರುವಾದ ಹೆಚ್ಚಿನ ಮಕ್ಕಳು ಆಪರೇಷನ್ ಇಲ್ಲದೆ ಸರಿಹೋಗುತ್ತಾರೆ, ತಡವಾದಷ್ಟೂ ಸಮಯ ಜಾಸ್ತಿ ಹಿಡಿಯುತ್ತದೆ. ಸೊಂಟದ ಕೀಲನ್ನೂ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ, ಯಾಕಂದ್ರೆ ಕೆಲವು ಮಕ್ಕಳಲ್ಲಿ ಇವೆರಡೂ ಒಟ್ಟಿಗೆ ಇರುತ್ತವೆ. ಅದೇ ಕಾರಣಕ್ಕೆ ಕಾಲು ನೆಟ್ಟಗೆ ಮಾಡಿ ಬಿಗಿಯಾಗಿ ಬಟ್ಟೆ ಸುತ್ತುವುದನ್ನೂ ಬಿಡಿ. ಸ್ನಾಯು ಹಿಗ್ಗಿಸುವ ವ್ಯಾಯಾಮ ಫಿಸಿಯೋಥೆರಪಿಸ್ಟ್ ಕೈಹಿಡಿದು ಕಲಿಸಬೇಕು. ಮೊಬೈಲಿನಲ್ಲಿ ವಿಡಿಯೋ ನೋಡಿ ಮಾಡುವಂಥದ್ದಲ್ಲ.

ಮನೆಯಲ್ಲಿ ನೀವು ಮಾಡಬಹುದಾದದ್ದೂ ಬೇಕಾದಷ್ಟಿದೆ. ತೊಟ್ಟಿಲು ಗೋಡೆಗೆ ತಾಗಿದೆಯಾ ನೋಡಿ. ಮಗು ಗೋಡೆ ಕಡೆ ಯಾಕೆ ತಿರುಗುತ್ತದೆ ಹೇಳಿ, ಬೆಳಕು, ಬಾಗಿಲು, ಓಡಾಡುವ ಜನ ಇರುವ ಕಡೆಗೇ ತಿರುಗುತ್ತದೆ ಅಲ್ವಾ? ಹಾಗಾಗಿ ಅದೆಲ್ಲ ಅವಳ ಎಡಕ್ಕೆ ಬರುವಂತೆ ತೊಟ್ಟಿಲು ತಿರುಗಿಸಿ. ಮಾತಾಡಿಸುವವರೂ, ಗಿಲಕಿ ಆಡಿಸುವವರೂ ಎಡಗಡೆಯಿಂದಲೇ ಬರಲಿ. ಎಚ್ಚರವಿದ್ದಾಗ ಚಾಪೆ ಮೇಲೋ ನಿಮ್ಮ ಎದೆ ಮೇಲೋ ಬೋರಲು ಮಲಗಿಸಿ. ಮೊದಲು ಎರಡು ಮೂರು ನಿಮಿಷ ಸಾಕು, ದಿನಕ್ಕೆ ಕೆಲವು ಸಲ. ಅಳುತ್ತಾಳೆ, ಅತ್ತರೆ ಎತ್ತಿಕೊಳ್ಳಿ, ಆಮೇಲೆ ಮತ್ತೆ ಮಲಗಿಸಿ. ನಿದ್ದೆಗೆ ಮಾತ್ರ ಅಂಗಾತವೇ. ಸಾಸಿವೆ ದಿಂಬು ಅಮ್ಮ ಪ್ರೀತಿಯಿಂದ ಹೊಲಿದಿದ್ದಾರೆ ನಿಜ, ಆದರೆ ಮಲಗುವ ಶಿಶುವಿಗೆ ಯಾವ ದಿಂಬೂ ಬೇಡ, ಉಸಿರಿಗೆ ಅಪಾಯ.

ಇನ್ನೊಂದು. ವಾಲಿದ ಕಡೆಯ ಕತ್ತಿನ ಮಡಿಕೆ ಬಿಡಿಸಿ ನೋಡಿ. ಅಲ್ಲಿ ಹಾಲು ಇಳಿದು, ಬೆವರು ಸೇರಿ, ಕೆಂಪಾಗಿ ಹುಳಿ ವಾಸನೆ ಬರುತ್ತಿರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆಯೇ ಒಣಗಲ್ಲ, ಆ ಮಡಿಕೆ ಎಲ್ಲಿ ಒಣಗಬೇಕು! ಒದ್ದೆ ಹತ್ತಿಬಟ್ಟೆಯಿಂದ ಒರೆಸಿ, ಒಣಬಟ್ಟೆ ಒತ್ತಿ ತೇವ ತೆಗೆಯಿರಿ. ಪೌಡರ್ ಹಾಕಬೇಡಿ. ಜ್ವರ ಬಂದರೆ, ಪದೇಪದೇ ವಾಂತಿಯಾದರೆ, ಹಾಲು ಕುಡಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗನಿಗೆ ಹತ್ತು ತಿಂಗಳು. ಅಂಬೆಗಾಲಿಡುತ್ತಾನೆ, ನಡೆಯುವುದಿಲ್ಲ. ವಾಕರ್ ತರಬಹುದಾ? (ಸಾಗರದಿಂದ ಒಬ್ಬ ತಂದೆ)

ಉತ್ತರ: ಬೇಡ. ವಾಕರ್‌ನಿಂದ ನಡಿಗೆ ಬೇಗ ಬರುವುದಿಲ್ಲ, ಬೀಳುವುದು ಜಾಸ್ತಿ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ಎತ್ತರದ ಜಗಲಿ, ಮೆಟ್ಟಿಲು ಇರುವ ನಮ್ಮ ಮನೆಗಳಲ್ಲಂತೂ ಕೇಳುವುದೇ ಬೇಡ. ಹತ್ತು ತಿಂಗಳಿಗೆ ನಡೆಯಲೇಬೇಕು ಅಂತ ಯಾರು ಹೇಳಿದರು? ಒಂದೂವರೆ ವರ್ಷದ ತನಕ ಸಮಯವಿದೆ. ಬರಿಗಾಲಲ್ಲಿ ಬೆಂಚು ಹಿಡಿದು ನಿಲ್ಲಲಿ, ಅದರ ಪಕ್ಕವೇ ಹೆಜ್ಜೆ ಹಾಕಲಿ. ಒಂದೇ ಕೈ ಬಳಸುತ್ತಿದ್ದರೆ, ಒಂದು ಕಾಲು ಎಳೆಯುತ್ತಿದ್ದರೆ ಮಾತ್ರ ಕಾಯದೆ ತೋರಿಸಿ.