ಓದುಗರ ಪ್ರಶ್ನೆ: ಲಾರಿ ಎಂಜಿನ್ ಮೊದಲ ಸಲ ಬೋರ್ ಮಾಡಿಸುವಾಗ

ಪ್ರಶ್ನೆ: ನಮ್ಮದು ಟಾಟಾ 2518, 5.9 ಲೀಟರಿನ ಕಮಿನ್ಸ್ ಎಂಜಿನ್, ಮೆಕ್ಯಾನಿಕಲ್ ಡೀಸೆಲ್ ಪಂಪ್. ಮಂಗಳೂರಿನಿಂದ ಲೋಡ್ ತಂದು ಶಿರಾಡಿ ಘಾಟ್ ಹತ್ತುವಾಗ ಮೊದಲಿನಂತೆ ಎಳೆಯುತ್ತಿಲ್ಲ. ಬ್ರೀದರ್‌ನಲ್ಲಿ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆ) ಹೊಗೆ, ಆಯಿಲ್ಲೂ ಕುಡಿಯುತ್ತಿದೆ. ಇದುವರೆಗೆ ಎಂಜಿನ್ ಬಿಚ್ಚಿಲ್ಲ. ಫಿಟ್ಟರ್ ‘ಸೀದಾ 1 ಮಿ.ಮೀ. ಬೋರ್ ಹೊಡೆಸಿ ಪಂಪ್ ಏರಿಸೋಣ, ಪವರ್ ಬರುತ್ತೆ’ ಅನ್ನುತ್ತಾರೆ. ಬಾಳಿಕೆಯೂ ಬೇಕು, ಪವರೂ ಬೇಕು. ಕೆಲಸ ಹೇಗೆ ಮಾಡಿಸಬೇಕು?
– ಲಾರಿ ಮಾಲೀಕರು, ಹಾಸನ

ಉತ್ತರ: ಮೊದಲು ಲೆಕ್ಕ ನೋಡಿ. ನಿಮ್ಮ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳ ಅಗಲ) 102 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 120 ಮಿ.ಮೀ., ಆರು ಸಿಲಿಂಡರ್ ಸೇರಿ 5883 ಸಿಸಿ. ಅರ್ಧ ಮಿ.ಮೀ. ಬೋರ್ ಮಾಡಿಸಿದರೆ ಹೆಚ್ಚುವುದು 58 ಸಿಸಿ, 1 ಮಿ.ಮೀ. ಮಾಡಿಸಿದರೆ 116 ಸಿಸಿ, ಅಂದರೆ ನೂರಕ್ಕೆ ಎರಡು. ಘಾಟಿನಲ್ಲಿ ಅದು ಗೊತ್ತೂ ಆಗುವುದಿಲ್ಲ. ಬೋರ್ ಮಾಡಿಸುವುದು ಸವೆದ ಗೋಡೆಯನ್ನು ಸರಿಮಾಡಲು, ಪವರ್‌ಗಲ್ಲ. ಈ ಬ್ಲಾಕಿಗೆ ಲೈನರ್ (ಬದಲಿಸಬಹುದಾದ ಒಳಕೊಳವೆ) ಇಲ್ಲ, ಪಿಸ್ಟನ್ ಓಡುವುದು ಬ್ಲಾಕಿನ ಕಬ್ಬಿಣದ ಮೇಲೆಯೇ. ಅರ್ಧ ಮಿ.ಮೀ.ಗೆ ಸರಿಯಾಗುವ ಬ್ಲಾಕನ್ನು ನೇರ 1 ಮಿ.ಮೀ.ಗೆ ಕೊರೆಸಿದರೆ ಮುಂದಿನ ಸಲದ ಅವಕಾಶವನ್ನು ಈಗಲೇ ಕಳೆದುಕೊಂಡಂತೆ. ಆಮೇಲೆ ಉಳಿಯುವುದು ಬೋರಿಗೆ ಸ್ಲೀವ್ (ಹೊಸ ಒಳಕೊಳವೆ) ಹಾಕಿಸುವ ದಾರಿ ಮಾತ್ರ.

ಎಂಜಿನ್ ಇಳಿಸುವ ಮುಂಚೆ ತಪಾಸಣೆಗೆಂದೇ ಒಂದು ದಿನ ಇಟ್ಟುಕೊಳ್ಳಿ. ಪಿಕಪ್ ಬೀಳಲು ಬೋರ್ ಒಂದೇ ಕಾರಣವಲ್ಲ. ಇಂಟರ್‌ಕೂಲರ್ ಹೋಸ್‌ನ ಕ್ಲಿಪ್ ಸಡಿಲವಾಗಿದ್ದರೂ, ಡೀಸೆಲ್ ಫಿಲ್ಟರ್ ಕಟ್ಟಿದ್ದರೂ, ಡೀಸೆಲ್ ಚಿಮ್ಮುವ ನಾಜಲ್ ಸೋರುತ್ತಿದ್ದರೂ ಗಾಡಿ ಎಳೆಯುವುದಿಲ್ಲ. ಬ್ರೀದರ್ ಹೊಗೆಯೆಲ್ಲ ರಿಂಗಿನದೇ ಎಂದೂ ಹೇಳಲಾಗದು. ಟರ್ಬೋ ಸೀಲ್ ಹೋದರೂ ಬರುತ್ತದೆ, ಬ್ರೇಕಿನ ಏರ್ ಕಂಪ್ರೆಸರ್ ಸವೆದು ಗಾಳಿಯನ್ನು ಕ್ರ್ಯಾಂಕ್ ಕೇಸಿಗೆ ತಳ್ಳುತ್ತಿದ್ದರೂ ಬರುತ್ತದೆ. ಏರ್ ಟ್ಯಾಂಕಿನ ಡ್ರೈನ್ ಬಿಟ್ಟಾಗ ನೀರಿನ ಜತೆ ಎಣ್ಣೆ ಬಂದರೆ ಕಂಪ್ರೆಸರಿನ ಮೇಲೆ ಅನುಮಾನ ಇಡಿ. ಇಷ್ಟೂ ನೋಡಿ, ಆರೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ, ಬ್ಯಾಕ್ ಕಂಪ್ರೆಷನ್ (ರಿಂಗ್ ದಾಟಿ ಗಾಳಿ ಕೆಳಗೆ ಸೋರುವುದು) ಹೌದು ಎಂದಾದ ಮೇಲೆ ಎಂಜಿನ್ ಇಳಿಸಿ.

ಹಾಗೆಯೇ ಬೋರ್ ಯಾಕೆ ಸವೆಯಿತು ಎಂಬುದನ್ನು ಬಿಚ್ಚುವ ದಿನವೇ ಹುಡುಕಬೇಕು. ಆರೂ ಬೋರ್ ಒಂದೇ ಸಮನೆ ಸವೆದಿದ್ದು, ಮೇಲಿನ ರಿಂಗ್ ತೆಳ್ಳಗಾಗಿ, ಟರ್ಬೋ ಫ್ಯಾನಿನ ರೆಕ್ಕೆಗಳ ಅಂಚು ಮೊಂಡಾಗಿ ಹೊಳೆಯುತ್ತಿದ್ದರೆ ಎಂಜಿನ್ ದೂಳು ತಿಂದಿದೆ. ಏರ್ ಫಿಲ್ಟರಿನಿಂದ ಟರ್ಬೋವರೆಗಿನ ರಬ್ಬರ್ ಹೋಸನ್ನು ಬಿಚ್ಚಿ ಒಳಗೆ ಬೆರಳಾಡಿಸಿ. ನಯವಾದ ಮಣ್ಣು ಅಂಟಿತೋ, ಬಿರುಕೋ ಸಡಿಲ ಕ್ಲಿಪ್ಪೋ ಅಲ್ಲೇ ಎಲ್ಲೋ ಇದೆ. ಇದನ್ನು ಹಾಗೇ ಬಿಟ್ಟು ಲಕ್ಷಗಟ್ಟಲೆ ಖರ್ಚು ಮಾಡಿದರೆ ಹೊಸ ರಿಂಗೂ ಹಾಗೇ ಸವೆಯುತ್ತದೆ. ಒಂದೇ ಬೋರಿನಲ್ಲಿ ಗೀರು ಬಿದ್ದಿದ್ದರೆ ಆ ಸಿಲಿಂಡರಿನ ನಾಜಲನ್ನೂ, ಪಿಸ್ಟನ್ ತಳಕ್ಕೆ ಎಣ್ಣೆ ಚಿಮ್ಮುವ ಕೂಲಿಂಗ್ ನಾಜಲನ್ನೂ ನೋಡಿ.

ಲೇತಿನವರ ಬಳಿ ಬೋರ್ ಡಯಲ್ ಗೇಜ್ ಇರಲೇಬೇಕು. ಪ್ರತಿ ಬೋರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆಸಿ ಬರೆಸಿಕೊಳ್ಳಿ. ಬೋರಿನ ಮಿತಿ 102.116 ಮಿ.ಮೀ. ಓವಲ್ (ದುಂಡು ತಪ್ಪಿದ್ದು) 0.038, ಟೇಪರ್ (ಮೇಲೆ ಕೆಳಗೆ ಅಗಲದ ವ್ಯತ್ಯಾಸ) 0.076 ಮಿ.ಮೀ. ದಾಟಬಾರದು. ದಾಟಿದ್ದರೆ 0.50 ಮಿ.ಮೀ. ಓವರ್‌ಸೈಜಿಗೆ ಹೋಗಿ. ಪಿಸ್ಟನ್ ಸೆಟ್ ಮೊದಲು ಕೊಂಡು ಲೇತಿಗೆ ಕೊಡಬೇಕು. ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಿ, ಕೊನೆಯ ಅಳತೆಯನ್ನು ಹೋನಿಂಗ್‌ನಲ್ಲಿ (ಕಲ್ಲಿನಿಂದ ಉಜ್ಜುವುದು) ತರಬೇಕು. ಬರೀ ಬೋರಿಂಗ್ ಟೂಲಿನ ಗೆರೆಯ ಮೇಲೆ ರಿಂಗ್ ಕೂರುವುದಿಲ್ಲ. ಹೋನಿಂಗಿನ ಅಡ್ಡಗೆರೆ ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು.

ಎಷ್ಟೋ ಒಳ್ಳೆಯ ಕೆಲಸ ಕೆಡುವುದು ಬ್ಲಾಕ್ ತೊಳೆಯುವಾಗ. ಹೋನಿಂಗ್ ಕಲ್ಲಿನ ಪುಡಿ ಡೀಸೆಲ್ಲಿಗೂ ಪೆಟ್ರೋಲಿಗೂ ಪೂರ್ತಿ ಹೋಗದೆ ಗೆರೆಯೊಳಗೇ ಉಳಿಯುತ್ತದೆ. ಬಿಸಿನೀರು, ಸೋಪಿನ ಪುಡಿ, ನೈಲಾನ್ ಬ್ರಷ್ ಹಿಡಿದು ತಿಕ್ಕಿ ತೊಳೆದು, ಒರೆಸಿ, ಹೊಸ ಆಯಿಲ್ ಅದ್ದಿದ ಬಿಳಿ ಬನಿಯನ್ ಬಟ್ಟೆಯನ್ನು ಬೋರಿನೊಳಗೆ ಒಂದು ಸುತ್ತು ತಿರುಗಿಸಿ. ಬಟ್ಟೆಯ ಮೇಲೆ ಬೂದು ಗೆರೆ ಬಂದರೆ ಮತ್ತೆ ತೊಳೆಯಬೇಕು, ಬಟ್ಟೆ ಬಿಳಿಯಾಗಿಯೇ ಬರುವವರೆಗೂ. ಆಯಿಲ್ ಗ್ಯಾಲರಿಯ ಪ್ಲಗ್‌ಗಳನ್ನು ತೆಗೆದು ಒಳಗೆ ಉದ್ದ ಬ್ರಷ್ ಹಾಕಿಸಿ. ಈ ಎರಡು ಕೆಲಸಕ್ಕೆ ಮಾಲೀಕರು ಎದುರಿಗೇ ನಿಲ್ಲಬೇಕು, ಫೋನಿನಲ್ಲಿ ಕೇಳಿ ತೃಪ್ತಿಪಡಬಾರದು.

ಕ್ರ್ಯಾಂಕಿನ ಮೇನ್ ಜರ್ನಲ್ (ಬೇರಿಂಗಿನಲ್ಲಿ ತಿರುಗುವ ಭಾಗ) 83 ಮಿ.ಮೀ., ಕನೆಕ್ಟಿಂಗ್ ರಾಡಿನದು 69 ಮಿ.ಮೀ. ಗ್ರೈಂಡಿಂಗ್ ಬೇಕಾದರೆ 0.25 ಅಂಡರ್‌ಸೈಜಿನಿಂದ ಶುರು. ಮೊದಲು ಕ್ರ್ಯಾಕ್ ಟೆಸ್ಟ್ ಆಗಲಿ. ಜರ್ನಲಿನ ಮೂಲೆಯಲ್ಲಿರುವ ದುಂಡು ತಿರುವು ಗ್ರೈಂಡಿಂಗ್ ಆದಮೇಲೂ ದುಂಡಾಗಿಯೇ ಇರಬೇಕು. ಅಲ್ಲಿ ಚೂಪು ಮೂಲೆ ಬಿಟ್ಟರೆ ಲೋಡಿನಲ್ಲಿ ಕ್ರ್ಯಾಂಕ್ ತುಂಡಾಗುವುದು ಅಲ್ಲಿಂದಲೇ. ಹೆಡ್ಡನ್ನು ಪ್ರೆಷರ್ ಟೆಸ್ಟ್ ಮಾಡಿಸಿ, ವಾಲ್ವ್ ಸೀಟುಗಳ ನಡುವೆ ಬಿರುಕು ಇದೆಯೇ ನೋಡಿ.

ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ನಿನಿಂದ ತಳ್ಳಿ ನೇರ ಮಾಡಿ, ಫೀಲರ್ ಗೇಜಿನಿಂದ ಬಾಯಿ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಅಳೆಯಿರಿ. ಮೇಲಿನದಕ್ಕೆ 0.40–0.70 ಮಿ.ಮೀ., ಎರಡನೆಯದಕ್ಕೂ ಆಯಿಲ್ ರಿಂಗಿಗೂ 0.25–0.55. ಬಾಯಿ ಕಡಿಮೆಯಿದ್ದರೆ ಬಿಸಿಯಲ್ಲಿ ತುದಿಗಳು ತಾಗಿ ಬೋರನ್ನೇ ಕೆರೆಯುತ್ತವೆ. ನಿಮ್ಮದರಂಥ 12 ವಾಲ್ವ್‌ನ ಕಮಿನ್ಸ್ 6ಬಿಟಿ ಎಂಜಿನ್ನಿಗೆ ಟಾರ್ಕ್ (ಬೋಲ್ಟ್ ಬಿಗಿಯುವ ಬಲ) ಹೀಗೆ: ಮೇನ್ ಕ್ಯಾಪ್ 60, 119, 176 ನ್ಯೂಟನ್ ಮೀಟರ್ ಮೂರು ಹಂತದಲ್ಲಿ, ಕನೆಕ್ಟಿಂಗ್ ರಾಡ್ 35, 70, 100. ಹೆಡ್ಡಿನ 26 ಬೋಲ್ಟ್‌ಗೂ ಮೊದಲು 90, ಉದ್ದ ಬೋಲ್ಟ್‌ಗಳಿಗೆ ಮಾತ್ರ 120, ಕೊನೆಗೆ ಎಲ್ಲಕ್ಕೂ ಕಾಲು ಸುತ್ತು. ಕೈ ಅಂದಾಜಿನಲ್ಲಿ ಬಿಗಿಯುವವರಾದರೆ ಟಾರ್ಕ್ ರೆಂಚ್ ಬಾಡಿಗೆಗೆ ತಂದುಕೊಡಿ. ಪ್ರತಿ ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ತಿರುಗಿಸಿ ನೋಡಬೇಕು. ಒಮ್ಮೆಗೇ ಬಿಗಿಯಾಯಿತೆಂದರೆ ಈಗಷ್ಟೇ ಬಿಗಿದ ಕ್ಯಾಪಿನಲ್ಲೇ ತಪ್ಪಿದೆ. ಟಪೆಟ್ ಸಂದು ಎಂಜಿನ್ ತಣ್ಣಗಿರುವಾಗ ಇನ್‌ಲೆಟ್ 0.25, ಎಕ್ಸಾಸ್ಟ್ 0.51 ಮಿ.ಮೀ.

6ಬಿಟಿ ಸೇರಿರುವ ಕಮಿನ್ಸ್‌ನ ಹಳೆಯ ಬಿ ಸೀರೀಸ್ ಎಂಜಿನ್ನಿನ ಒಂದು ಹೆಸರಾಂತ ದೋಷವೂ ಗೊತ್ತಿರಲಿ. ಮುಂದಿನ ಗೇರ್ ಹೌಸಿಂಗನ್ನು ಕೂರಿಸುವ ಡೋವೆಲ್ ಪಿನ್ ಅದುರಿ ಅದುರಿ ಹೊರಬಂದು ಟೈಮಿಂಗ್ ಗೇರಿಗೆ ಬೀಳುತ್ತದೆ. ಹೌಸಿಂಗ್ ಬಿಚ್ಚಿದ್ದಾಗ ಆ ಪಿನ್ ಹೊರಬರದಂತೆ ಅಡ್ಡಪಟ್ಟಿ ಕೊಡಿಸುವುದು ಸಣ್ಣ ಕೆಲಸ. ಬಿಟ್ಟರೆ ಇಡೀ ಎಂಜಿನ್ ಹೋದೀತು.

ಈಗ ಪವರ್. ನಿಮ್ಮ ಗಾಡಿಗೆ ಕಂಪನಿ ಕೊಟ್ಟದ್ದು 180 ಎಚ್‌ಪಿ. ಅದರಲ್ಲಿ ಸೋರಿಹೋದದ್ದನ್ನು ವಾಪಸ್ ತಂದರೆ ಘಾಟಿನಲ್ಲಿ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ: ಪಂಪನ್ನು ಬೆಂಚಿನಲ್ಲಿ ಕಂಪನಿ ಅಳತೆಗೆ ಕ್ಯಾಲಿಬ್ರೇಷನ್, ಆರೂ ನಾಜಲ್ ಒಂದೇ ಪ್ರೆಷರಿಗೆ, ಪಂಪ್ ಟೈಮಿಂಗ್ ಸರಿಯಾಗಿ, ಇಂಟರ್‌ಕೂಲರನ್ನು ಒಳಗೂ ಹೊರಗೂ ತೊಳೆಸಿ ಹೋಸ್‌ಗಳನ್ನು ಹೊಸದು ಹಾಕುವುದು, ರೇಡಿಯೇಟರ್ ಕೋರ್ ರಾಡಿಂಗ್ (ಕೊಳವೆಗಳೊಳಗೆ ಕಂಬಿ ಆಡಿಸಿ ಕಟ್ಟಿದ್ದನ್ನು ತೆಗೆಯುವುದು). ಬರೀ ಪಂಪಿನ ಸ್ಕ್ರೂ ತಿರುಗಿಸಿದರೆ ಡೀಸೆಲ್ ಜಾಸ್ತಿ, ಗಾಳಿ ಅಷ್ಟೇ. ಮಿಕ್ಕ ಡೀಸೆಲ್ ತಡವಾಗಿ ಉರಿದು ಕರಿಹೊಗೆಯಾಗುತ್ತದೆ, ಆ ಬಿಸಿ ಪಿಸ್ಟನ್ ತಲೆ, ಎಕ್ಸಾಸ್ಟ್ ವಾಲ್ವ್, ಟರ್ಬೋ ಮೇಲೆ ಬೀಳುತ್ತದೆ. ಚಪ್ಪಟೆ ರಸ್ತೆಯಲ್ಲಿ ಗೊತ್ತಾಗದ ಈ ಬಿಸಿ, ಲೋಡಿನಲ್ಲಿ ಅರ್ಧ ಗಂಟೆ ಘಾಟ್ ಹತ್ತುವಾಗ ಪಿಸ್ಟನ್ ಕರಗಿಸುವ ಮಟ್ಟಕ್ಕೆ ಹೋಗಬಲ್ಲದು. ಇಷ್ಟಾದರೂ ಏರಿಸಲೇಬೇಕೆಂದರೆ ಟರ್ಬೋಗೆ ಮುಂಚೆ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಟೆಂಪರೇಚರ್ ಗೇಜ್ ಹಾಕಿಸಿ. ಏರು ಹತ್ತುವಾಗ ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿ ನಿಂತರೆ ಡ್ರೈವರ್ ಗೇರ್ ಇಳಿಸಬೇಕು. ನಮ್ಮ ಸಲಹೆ: ಬಾಳಿಕೆ ಬೇಕೆಂದರೆ ಪಂಪ್ ಏರಿಸಬೇಡಿ. ಆ ದುಡ್ಡನ್ನು ಒಳ್ಳೆಯ ಪಿಸ್ಟನ್ ಸೆಟ್ಟಿಗೂ ಹೋನಿಂಗಿಗೂ ಹಾಕಿ.

ಸ್ಟಾರ್ಟ್ ಮಾಡುವ ಮುಂಚೆ ಟರ್ಬೋದ ಆಯಿಲ್ ಬಾಯಿಗೆ ಆಯಿಲ್ ಹೊಯ್ಯಿರಿ. ಡೀಸೆಲ್ ಬಂದ್ ಮಾಡಿ, ಆಯಿಲ್ ಪ್ರೆಷರ್ ಏಳುವವರೆಗೆ ಸೆಲ್ಫ್ ಹೊಡೆಯಿರಿ, ನಡುನಡುವೆ ಸೆಲ್ಫ್ ತಣಿಯಲು ಬಿಡಿ. ಆಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವ ರೂಢಿ ತಪ್ಪು. ಲೋಡಿಲ್ಲದೆ ರಿಂಗ್ ಕೂರುವುದಿಲ್ಲ, ಬೋರ್ ಕನ್ನಡಿಯಾಗಿ ಎಂಜಿನ್ ಮತ್ತೆ ಆಯಿಲ್ ಕುಡಿಯುತ್ತದೆ. ಸೋರಿಕೆ ನೋಡಿಕೊಂಡು ಅರ್ಧ ಲೋಡಿನಲ್ಲಿ ಓಡಿಸಿ, ಹಂತಹಂತವಾಗಿ ಏರಿಸಿ. ಸಾವಿರ ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಬದಲಿಸಿ ಟಪೆಟ್ ಮತ್ತೆ ನೋಡಿಸಿ.

ಪ್ರಶ್ನೆ: ಖರ್ಚು ಉಳಿಸಲು ಬರೀ ರಿಂಗ್, ಬೇರಿಂಗ್ ಹಾಕಿ ಓಡಿಸಬಹುದೆ?
– ಓದುಗರು, ವಿಜಯಪುರ

ಉತ್ತರ: ಮೇಲೆ ಹೇಳಿದ ಓವಲ್, ಟೇಪರ್ ಮಿತಿಯೊಳಗಿದ್ದು, ಪಿಸ್ಟನ್ನಿನಲ್ಲಿ ಮೇಲಿನ ರಿಂಗ್ ಕೂರುವ ಗ್ರೂವ್ ಸವೆದಿರದಿದ್ದರೆ ಹಾಕಬಹುದು. ಆಗಲೂ ಬೋರಿನ ಹೊಳಪನ್ನು ಹೋನ್‌ನಿಂದ ತೆಗೆದು, ತೊಳೆದು, ರಿಂಗ್ ಕೂರಿಸಬೇಕು. ಓವಲ್ ಆದ ಬೋರಿಗೆ ಹೊಸ ರಿಂಗ್ ದಂಡ: ದುಂಡಗಿನ ರಿಂಗ್ ಸುತ್ತಲೂ ಮುಟ್ಟುವುದಿಲ್ಲ, ಕೆಲವೇ ತಿಂಗಳಲ್ಲಿ ಹೊಗೆ ಮತ್ತೆ ಶುರು.

ಪ್ರಶ್ನೆ: ಬ್ಲಾಕೇ ಒಡೆದಿದೆ, ಹಳೆಯ ಗಾಡಿಯ ಎಂಜಿನ್ ತಂದು ಹಾಕಬಹುದೆ?
– ಓದುಗರು, ಹೊಸಪೇಟೆ

ಉತ್ತರ: ಬೋರ್ ಮಾಡಿಸಿದರೆ ಎಂಜಿನ್ ನಂಬರ್ ಬದಲಾಗುವುದಿಲ್ಲ, ಬ್ಲಾಕ್ ಬದಲಿಸಿದರೆ ಆಗುತ್ತದೆ. ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಆದ್ದರಿಂದ ಎಂಜಿನ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಮಾರುವವರಿಂದ ಬಿಲ್ಲು, ಹಳೆಯ ಗಾಡಿಯ ಆರ್‌ಸಿ ಪ್ರತಿ ಪಡೆಯಿರಿ. ಕೆತ್ತಿದ ನಂಬರ್ ಉಜ್ಜಿದಂತಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.