ಭವಿಷ್ಯದ ಸಾರಿಗೆಗೆ ಲೋಗೊ ಮತ್ತು ಕೈಪಟ್ಟಿ: ಲೋಗೊ ಮುಗಿದಿದೆ, ಮುಂದೇನು ಮಾಡಲಿ?

ಮಂಗಳೂರು–ಉಡುಪಿ ನಡುವೆ 2050ರಲ್ಲಿ ಗಂಟೆಗೆ ಸಾವಿರ ಕಿ.ಮೀ. ವೇಗದಲ್ಲಿ ಓಡುವ ಕೊಳವೆ ಸಾರಿಗೆ ಎಂದು ಕಲ್ಪಿಸಿಕೊಂಡಿದ್ದೀರಿ. ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಅದಕ್ಕೆ ಹೆಸರು, ಲೋಗೊ, ಬಣ್ಣ ಮತ್ತು ಟಿಕೆಟಿನ ಬದಲು ಕೈಗೆ ಕಟ್ಟಿಕೊಳ್ಳುವ ಪಟ್ಟಿ, ಇಷ್ಟನ್ನೂ ವಿನ್ಯಾಸ ಮಾಡಬೇಕು. ಲೋಗೊ ಆಗಿದೆ, ಮುಂದೇನು ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಬೋರ್ಡು, ಲೇಬಲ್, ಕೈಪಟ್ಟಿ ಎಂದು ಸಿಕ್ಕಿದ್ದನ್ನೆಲ್ಲ ವಿನ್ಯಾಸ ಮಾಡಿ ಹೊಟ್ಟೆ ಹೊರೆದವನು ನಾನು. ನನ್ನ ಸಲಹೆ: ಲೋಗೊವನ್ನು ಸದ್ಯಕ್ಕೆ ಡ್ರಾಯರಿನಲ್ಲಿಟ್ಟು ಬೀಗ ಹಾಕಿ.

ಮೊದಲು ಒಂದು ಲೆಕ್ಕ. ನಿಂತ ಪ್ರಯಾಣಿಕ ಮುಗ್ಗರಿಸದಷ್ಟು ಮೆಲ್ಲಗೆ, ಅಂದರೆ ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ ಒಂದು ಮೀಟರಿನಷ್ಟು ಏರಿಸುತ್ತ ಹೋದರೆ ಸಾವಿರ ಕಿ.ಮೀ. ವೇಗ ಮುಟ್ಟಲು 38 ಕಿ.ಮೀ.ಗೂ ಹೆಚ್ಚು ದಾರಿ ಬೇಕು. ನಿಲ್ಲಲು ಮತ್ತೆ ಅಷ್ಟೇ. ಒಟ್ಟು 77 ಕಿ.ಮೀ. ಇಲ್ಲಿಂದ ಉಡುಪಿಗೆ ಇರುವುದೇ 55ರ ಆಸುಪಾಸು. ನಿಮ್ಮ ಗಾಡಿ ಆ ವೇಗ ಮುಟ್ಟಿ ಮತ್ತೆ ನಿಲ್ಲುವ ಮೊದಲೇ ಉಡುಪಿ ದಾಟಿ ಬ್ರಹ್ಮಾವರದ ಕಡೆ ಹೊರಟಿರುತ್ತದೆ. ಅರ್ಧ ದಾರಿ ವೇಗ ಏರಿಸಿ, ಉಳಿದರ್ಧ ಇಳಿಸಿದರೂ ಎಂಟು ನಿಮಿಷದಲ್ಲಿ ತಲುಪಬಹುದು, ಬೇಸರ ಬೇಡ. ಆದರೆ ಪ್ರಯಾಣವೇ ಎಂಟು ನಿಮಿಷವಾದರೆ ಗೇಟಿನ ಮುಂದೆ ಆರು ನಿಮಿಷ ಸಾಲಿನಲ್ಲಿ ನಿಂತವನು ನಿಮ್ಮ ಸಾರಿಗೆಯನ್ನು ನೆನಪಿಟ್ಟುಕೊಳ್ಳುವುದು ಆ ಸಾಲಿನಿಂದಲೇ. ಗಾಡಿ ಚುರುಕಾದಷ್ಟೂ ಗೇಟಿನ ಬೆಲೆ ಏರುತ್ತದೆ. ನೀವು ವಿನ್ಯಾಸ ಮಾಡಬೇಕಾದದ್ದು ಆ ಗೇಟನ್ನು.

(2020ರ ನವೆಂಬರಿನಲ್ಲಿ ಅಮೆರಿಕದ ನೆವಾಡಾದ ಮರುಭೂಮಿಯಲ್ಲಿ ವರ್ಜಿನ್ ಹೈಪರ್‌ಲೂಪ್ ಎಂಬ ಕಂಪನಿ ಇಂಥದೇ ಕೊಳವೆ ಗಾಡಿಯನ್ನು ಇಬ್ಬರನ್ನು ಕೂರಿಸಿ ಗಂಟೆಗೆ 172 ಕಿ.ಮೀ. ವೇಗದಲ್ಲಿ ಓಡಿಸಿ ತೋರಿಸಿತು. 2023ರ ಕೊನೆಗೆ ಆ ಕಂಪನಿ ಬಾಗಿಲು ಹಾಕಿತು. ಅದರ ಲೋಗೊ ಬಹಳ ಚೆನ್ನಾಗಿತ್ತು.)

ಜಪಾನಿನಲ್ಲಿ ರೈಲು ನಿಲ್ದಾಣದ ಗೇಟಿಗೆ ತಾಗಿಸುವ ಚಿಪ್ ಟಿಕೆಟ್, ಸುಯಿಕಾ ಕಾರ್ಡಿನ ಬಗ್ಗೆ ಓದಿಕೊಳ್ಳಿ. ಅದು ಬಂದದ್ದು 2001ರಲ್ಲಿ. ಚಿಪ್ಪನ್ನು ಓದಿ ಮುಗಿಸಲು ಯಂತ್ರಕ್ಕೆ ಸಿಗುವುದು ಸೆಕೆಂಡಿನ ಐದನೇ ಒಂದು ಭಾಗ. ಶುರುವಿನ ಪರೀಕ್ಷೆಯಲ್ಲಿ ಜನ ಕಾರ್ಡನ್ನು ಎಲ್ಲೆಲ್ಲೋ ಬೀಸುತ್ತಿದ್ದರು, ಗೇಟು ತೆರೆಯುತ್ತಿರಲಿಲ್ಲ. ವಿನ್ಯಾಸಕಾರ ಶುಂಜಿ ಯಾಮಾನಾಕಾ ಓದುವ ಫಲಕವನ್ನು ನಡೆದು ಬರುವವರ ಕಡೆಗೆ ಸ್ವಲ್ಪ, ಸುಮಾರು 13 ಡಿಗ್ರಿ, ವಾಲಿಸಿದರು. ಕೈ ತಾನಾಗಿಯೇ ಅಲ್ಲಿಗೆ ಹೋಗತೊಡಗಿತು.

ನನಗೆ ಈ ಸಂಗತಿ ಆಗ ತಿಳಿದಿರಲಿಲ್ಲ. ಕೆಲವು ವರ್ಷಗಳ ಹಿಂದೆ ಮೂರು ದಿನದ ಉತ್ಸವವೊಂದಕ್ಕೆ ಚಿಪ್ ಇರುವ ಕೈಪಟ್ಟಿ ಮಾಡಿಕೊಟ್ಟೆ. ಓದುವ ಯಂತ್ರವನ್ನು ಮೇಜಿನ ಮೇಲೆ ರೊಟ್ಟಿಯಂತೆ ಮಲಗಿಸಿದ್ದೆ. ಮೊದಲ ಸಂಜೆಯೇ ಹೆಂಗಸರ ಸಾಲು ಕದಲದೆ ನಿಂತಿತು. ಕಾರಣ ಚಿನ್ನದ ಬಳೆ. ಈ ಚಿಪ್ಪಿಗೆ ಸ್ವಂತ ಬ್ಯಾಟರಿ ಇಲ್ಲ; 13.56 ಮೆಗಾಹರ್ಟ್ಸ್‌ನಲ್ಲಿ ಯಂತ್ರ ಹೊರಡಿಸುವ ಕಾಂತಕ್ಷೇತ್ರದಿಂದಲೇ ಅದು ಉಸಿರಾಡುತ್ತದೆ. ಪಕ್ಕದಲ್ಲಿ ನಾಲ್ಕು ಬಳೆ ಇದ್ದರೆ ಲೋಹ ಆ ಕ್ಷೇತ್ರವನ್ನು ಕೆಡಿಸುತ್ತದೆ. ನನ್ನ ಪ್ರಯೋಗವೆಲ್ಲ ನನ್ನ ಬರಿಗೈಯಲ್ಲೇ ಆಗಿತ್ತು! ದಕ್ಷಿಣ ಕನ್ನಡದಲ್ಲಿ ಕೂತು ಬಳೆಯನ್ನು ಮರೆತವನಿಗೆ ಏನು ಹೇಳಬೇಕು, ನೀವೇ ಹೇಳಿ.

ಮುಂದಿನ ಸಲ ಕೈಪಟ್ಟಿಯ ಮಾದರಿಯನ್ನು ನಮ್ಮ ಮನೆಗೆ ಮೀನು ತರುವ ಅಕ್ಕನಿಗೆ ಕೊಟ್ಟೆ. ತಲೆಯ ಮೇಲೆ ಸಿಂಬಿ, ಅದರ ಮೇಲೆ ಬುಟ್ಟಿ, ಒಂದು ಕೈ ಬುಟ್ಟಿಗೆ, ಇನ್ನೊಂದು ಕೊಡೆಗೆ. ಬಸ್ ಹತ್ತುವಾಗ ಅವರಿಗೆ ಮೂರನೆಯ ಕೈ ಇಲ್ಲ. ಎರಡು ದಿನ ಕಟ್ಟಿಕೊಂಡರು. ಮೂರನೆಯ ದಿನ, ಸಿಲಿಕೋನ್ ಪಟ್ಟಿಗೆ ಬಂಗುಡೆಯ ವಾಸನೆ ಹಿಡಿದರೆ ಹೋಗುವುದೇ ಇಲ್ಲ, ಅದರಡಿ ಬೆವರಿಗೆ ತುರಿಕೆ ಬೇರೆ, ಎಂದು ಗದರಿದರು. ಒಳಗಿನ ಚಿಪ್ ಇರುವ ಬಿಲ್ಲೆಯನ್ನು ಮಾತ್ರ ಕಿತ್ತು ಎಲೆಯಡಿಕೆಯ ಚೀಲಕ್ಕೆ ಹಾಕಿಕೊಂಡಿದ್ದರು. ಸೊಂಟಕ್ಕೆ ಸಿಕ್ಕಿಸಿದ ಆ ಚೀಲ ಯಾವತ್ತೂ ಅವರ ಮೈ ಬಿಟ್ಟು ಇರುವುದಿಲ್ಲ. ನನ್ನ ಹದಿನಾಲ್ಕು ರೇಖಾಚಿತ್ರಗಳಲ್ಲಿ ಆ ಚೀಲ ಎಲ್ಲಿಯೂ ಇರಲಿಲ್ಲ.

ಹಾಗಾಗಿ ಕೈಪಟ್ಟಿ ಮಾಡಬೇಡಿ, ಬಿಲ್ಲೆ ಮಾಡಿ. ಐದು ರೂಪಾಯಿ ನಾಣ್ಯದಷ್ಟು ದೊಡ್ಡದು, ಒಗೆದರೂ ಕೆಡದ್ದು. ಬಳೆಗೆ ತಾಗದಂತೆ ಎಲ್ಲಿ ಸಿಕ್ಕಿಸಿಕೊಳ್ಳಬೇಕು ಎಂಬುದನ್ನು ತೊಡುವವರಿಗೇ ಬಿಡಿ. 1997ರಲ್ಲಿ ಆರಂಭವಾದ ಹಾಂಗ್‌ಕಾಂಗಿನ ಸಾರಿಗೆಯ ಆಕ್ಟೋಪಸ್ ಕಾರ್ಡು ಕೈಗಡಿಯಾರ, ಕೀಗೊಂಚಲಿನ ರೂಪದಲ್ಲೂ ಬಂದಿದೆ. ಕೊಡೆಯ ಹಿಡಿಗೆ ಅಂಟಿಸುವ ಆಸೆ ನಿಮಗೂ ಬರುತ್ತದೆ, ನನಗೂ ಬಂದಿತ್ತು. ಆದರೆ ನಮ್ಮೂರಲ್ಲಿ ಮಳೆ ನಿಂತ ತಕ್ಷಣ ಜನ ಬಸ್ಸಿನಲ್ಲಿ ಮೊದಲು ಮರೆಯುವುದು ಕೊಡೆಯನ್ನೇ.

ಪ್ರಯಾಣಿಕರಿಗೆ ಬ್ಯಾಟರಿ ಇರುವ ಸಾಧನ ಬೇಡ. ಇಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ತಿಂಗಳು ಬೆವರು. ದೂರದಿಂದಲೇ ಓದುವ ಚಿಪ್ ಕೂಡ ಬೇಡ: ಯಾರು ಎಲ್ಲಿ ಇಳಿದರು ಎಂಬುದು ಅವರಿಗೆ ಗೊತ್ತಿಲ್ಲದೆಯೇ ದಾಖಲಾಗುತ್ತದೆ. ಬ್ಯಾಟರಿ ಬೇಕೇ ಬೇಕೆಂದರೆ ಸಿಬ್ಬಂದಿಗೆ ಕೊಡಿ. ರಾತ್ರಿ ಡಿಪೋದಲ್ಲಿ ಚಾರ್ಜಿಗೆ ಹಾಕಬಹುದು. ನಮ್ಮ ಕಂಡಕ್ಟರ್ ಸೀಟಿಯ ಭಾಷೆ ಎಲ್ಲರಿಗೂ ಗೊತ್ತು, ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಅದನ್ನೇ ಸಿಬ್ಬಂದಿಯ ಮಣಿಕಟ್ಟಿನಲ್ಲಿ ಒಂದು ಕಂಪನ, ಎರಡು ಕಂಪನ ಎಂದು ಇಟ್ಟರೆ ಯಾರಿಗೂ ತರಬೇತಿ ಬೇಡ. ನಿಮ್ಮ ಬ್ರ್ಯಾಂಡಿನ ದನಿಯೂ ಅದೇ ಆಗಬಹುದು.

ಇನ್ನು ಅಕ್ಷರ. ಲಂಡನ್ ಅಂಡರ್‌ಗ್ರೌಂಡ್ ಎಂಬ ಸುರಂಗ ರೈಲಿಗೆ ಎಡ್ವರ್ಡ್ ಜಾನ್‌ಸ್ಟನ್ ಬರೆದ ಅಕ್ಷರ 1916ರಿಂದ, ಸಣ್ಣಪುಟ್ಟ ತಿದ್ದುಪಡಿಯೊಂದಿಗೆ, ಇಂದಿಗೂ ನಡೆಯುತ್ತಿದೆ. ಎಷ್ಟೋ ಗಾಡಿಗಳು ಬದಲಾದವು, ಅಕ್ಷರ ಉಳಿಯಿತು. ನೀವು ಇಂಗ್ಲಿಷ್ ಅಕ್ಷರ ಆರಿಸಿ ಆಮೇಲೆ ಕನ್ನಡವನ್ನು ಜೋಡಿಸಲು ಹೊರಟಿದ್ದರೆ ಈಗಲೇ ನಿಲ್ಲಿಸಿ. ‘ತೊಕ್ಕೊಟ್ಟು’ ಎಂಬ ನಮ್ಮ ಕಡೆಯ ಊರಿನ ಹೆಸರನ್ನು ಬರೆದು ನೋಡಿ. ಎರಡು ಒತ್ತು, ಎರಡೂ ಸಾಲಿನ ಕೆಳಗೆ. ಇಂಗ್ಲಿಷಿಗೆ ಸಾಕಾಗುವ ಎತ್ತರದ ಎಲ್‌ಇಡಿ ಫಲಕದಲ್ಲಿ ಅವು ಕಲಸಿಹೋಗಿ ಬರೀ ಚುಕ್ಕೆಗಳ ಮುದ್ದೆಯಾಗುತ್ತವೆ. ಫಲಕದ ಎತ್ತರವನ್ನು ಈ ಒಂದು ಪದದಿಂದ ನಿರ್ಧರಿಸಿ, ‘ಹಂಪನಕಟ್ಟೆ’, ‘ಉಳ್ಳಾಲ’ ತಾವಾಗಿಯೇ ಹಿಡಿಸುತ್ತವೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜುಲೈ ಸಂಜೆ ಆರಕ್ಕೆ, ಮಳೆ ಸುರಿಯುವಾಗ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಆಚೆ ಬದಿಯಿಂದ ಕಂಡರೆ ಅದು ಸರಿಯಾದ ಬಣ್ಣ. ಹೆಸರನ್ನೂ ಅಲ್ಲೇ ಪರೀಕ್ಷಿಸಿ: ಒಬ್ಬ ಕಂಡಕ್ಟರಿಗೆ ಹೇಳಿ, ಒಂದೇ ಉಸಿರಿನಲ್ಲಿ ಮೂರು ಸಲ ಕೂಗಿಸಿ. ಮೂರನೆಯ ಸಲಕ್ಕೆ ಅವನು ಅದನ್ನು ಮೊಟಕು ಮಾಡಿದರೆ, ಆ ಮೊಟಕನ್ನೇ ಹೆಸರಾಗಿ ಬರೆದುಕೊಳ್ಳಿ. ಅಷ್ಟಾದ ಮೇಲೆ ಡ್ರಾಯರ್ ತೆರೆದು ನೋಡಿ, ಆ ಲೋಗೊ ಈ ಹೆಸರಿಗೆ ಹೊಂದುತ್ತದೆಯೇ ಎಂದು.